ಹನ್ನೊಂದು ದಿನಕ್ಕೊಮ್ಮೆ ಕೆಡುವ ವೈಫೈ

ನಮ್ಮ ಮನೆಯ ದೀಪಕ್ಕೆ ನಾನು ಇನ್ನೂ ಇದ್ದೇನೆ ಎಂದು ಆಗಾಗ ಕೈ ಎತ್ತಿ ತೋರಿಸಬೇಕಾಗುತ್ತಿತ್ತು. ಅದನ್ನು ನಡೆಸುವುದು ಗೋಡೆಯ ಮೂಲೆಯಲ್ಲಿ ನಾನೇ ಕೂಡಿಸಿದ ಸೆನ್ಸರ್. ಯಾರಾದರೂ ಅಲುಗಾಡಿದರೆ ದೀಪ ಹಚ್ಚುತ್ತದೆ, ಹತ್ತು ನಿಮಿಷ ಯಾರೂ ಅಲುಗಾಡದಿದ್ದರೆ ಕೋಣೆ ಖಾಲಿ ಎಂದು ತಿಳಿದು ಆರಿಸುತ್ತದೆ. ನಾಲ್ಕು ಜನರಿರುವ ಮನೆಯಲ್ಲಿ ಅದರಿಂದ ತೊಂದರೆಯಿಲ್ಲ, ಒಬ್ಬರಲ್ಲ ಒಬ್ಬರು ಓಡಾಡುತ್ತಿರುತ್ತಾರೆ. ನಾನು ಖುರ್ಚಿಯಲ್ಲಿ ಕೂತು ಸುಮ್ಮನೆ ಗೋಡೆ ನೋಡುತ್ತಿದ್ದರೆ ಫಕ್ಕನೆ ಕತ್ತಲಾಗುತ್ತಿತ್ತು. ಕೈ ಬೀಸಿದರೆ ಮತ್ತೆ ಬೆಳಕು. ಬೇಸತ್ತು ಹೋದ ವರ್ಷ ಹೊಸ ನಮೂನೆಯದೊಂದು ತರಿಸಿದೆ. ಅದಕ್ಕೆ ಉಸಿರಾಡಿದರೂ ಸಾಕು, ಗುರುತಿಸುತ್ತದೆ. ಕೋಣೆಯಲ್ಲಿ ಎಷ್ಟು ಜನ ಇದ್ದಾರೆಂದು ಮೊಬೈಲಿನಲ್ಲಿ ಅಂಕಿಯನ್ನೂ ತೋರಿಸುತ್ತದೆ. ಇಷ್ಟು ದಿನದಲ್ಲಿ ನಾನಿರುವಾಗ ಅದು ಒಂದು ಬಿಟ್ಟು ಬೇರೆ ಅಂಕಿ ತೋರಿಸಿದ್ದು ಒಮ್ಮೆ ಮಾತ್ರ, ಗ್ಯಾಸ್ ಸಿಲಿಂಡರಿನವನು ಒಳಗೆ ಬಂದಾಗ.

ನನ್ನ ಹೆಸರು ಪದ್ಮಕುಮಾರ. ಇಚಲಕರಂಜಿಯ ಶಹಾಪುರದಲ್ಲಿ ಮಗ್ಗಗಳ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ, ರಿವೈಂಡಿಂಗ್ ಮಾಡುವ ಅಂಗಡಿ ನನ್ನದು, ಅಂಗಡಿಯ ಮೇಲಿನ ಎರಡು ಕೋಣೆಗಳೇ ಮನೆ. ವಯಸ್ಸು ನಲವತ್ತೇಳು. ಮದುವೆ ಆಗಿಲ್ಲ. ಆಗಿಲ್ಲ ಅನ್ನುವುದಕ್ಕಿಂತ ಯಾರೂ ಕೊಡಲಿಲ್ಲ ಅನ್ನುವುದು ಸರಿ. ನಮ್ಮ ಜೈನರಲ್ಲಿ ಹೆಣ್ಣಿನ ಕಡೆಯವರು ಪುಣೆಯ ನೌಕರಿ ಕೇಳುತ್ತಾರೆ, ಇಲ್ಲದಿದ್ದರೆ ಹತ್ತು ಎಕರೆ ಕಬ್ಬು ಕೇಳುತ್ತಾರೆ. ಉಗುರಿನ ಸಂದಿಯಲ್ಲೆಲ್ಲ ವಾರ್ನಿಶ್ ಮೆತ್ತಿಕೊಂಡವನಿಗೆ ಚಹಾ ಕುಡಿಸಿ, ಆಮೇಲೆ ತಿಳಿಸುತ್ತೇವೆ ಎಂದು ಕಳಿಸುತ್ತಾರೆ. ಹದಿನಾರು ಮನೆಗಳ ಅವಲಕ್ಕಿ ತಿಂದ ಮೇಲೆ ನಮ್ಮ ಅವ್ವನೇ ಇನ್ನು ಸಾಕು ಅಂದಳು.

ಅವ್ವ ಹೋಗಿ ನಾಲ್ಕು ವರ್ಷ. ಈ ಯಂತ್ರಗಳ ಹುಚ್ಚು ನನಗೆ ಮೊದಲೇ ಇತ್ತು, ಆಮೇಲೆ ಮಿತಿ ಮೀರಿತು. ಬೆಳಗಾದರೆ ಕಿಟಕಿಯ ಪರದೆ ತಾನೇ ಸರಿಯುತ್ತದೆ. ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿದರೆ ಸ್ಪೀಕರು ಕೂಗಿ ಹೇಳುತ್ತದೆ. ಬಾಗಿಲು ತೆರೆದ ಕೂಡಲೆ ‘ಬರ್ರಿ, ಬರ್ರಿ’ ಅನ್ನುವ ಹಾಗೆ ನನ್ನದೇ ದನಿ ತುಂಬಿ ಇಟ್ಟಿದ್ದೆ. ನನ್ನನ್ನು ನಾನೇ ಕರೆದುಕೊಳ್ಳುವುದು ಎರಡೇ ದಿನಕ್ಕೆ ಅಸಹ್ಯವಾಗಿ ತೆಗೆದುಹಾಕಿದೆ. ಊರಿನಲ್ಲಿ ಯಾರ ಕ್ಯಾಮೆರಾ ಕುರುಡಾದರೂ, ಯಾರ ಟೀವಿ ಮೂಕವಾದರೂ ಫೋನು ಬರುವುದು ನನಗೇ. ಹೋಗುತ್ತೇನೆ, ಸ್ಟೂಲು ಹತ್ತುತ್ತೇನೆ, ಸರಿ ಮಾಡುತ್ತೇನೆ. ಸರಿಯಾದ ಮೇಲೆ ಯಾರಿಗೂ ನನ್ನ ನೆನಪಿರುವುದಿಲ್ಲ. ಅದರಲ್ಲಿ ಅವರ ತಪ್ಪೇನು, ಜ್ವರ ಬಿಟ್ಟ ಮೇಲೆ ಡಾಕ್ಟರನ್ನು ಯಾರು ನೆನೆಯುತ್ತಾರೆ?

ಊಟದ ಮಾತಿಗೆ ಬರುತ್ತೇನೆ, ನನ್ನ ಕಥೆ ಇರುವುದೇ ಅಲ್ಲಿ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ನಮ್ಮವರ ನೇಮ. ಅವ್ವ ಇರುವಾಗ ಅಂಗಡಿಯ ಶಟರ್ ಅರ್ಧ ಎಳೆದು, ಮೇಲೆ ಹೋಗಿ, ಬೆಳಕಿರುವಾಗಲೇ ಉಂಡು ಬರುತ್ತಿದ್ದೆ. ಅವ್ವ ಹೋದ ಮೇಲೆ ಖಾನಾವಳಿ ಹಿಡಿದೆ. ಅಲ್ಲಿ ತಾಟು ಮುಂದೆ ಬರುವುದೇ ಏಳೂವರೆಯ ನಂತರ. ಗೋಡೆಯ ಕಡೆ ಮುಖ ಮಾಡಿ, ಪರಿಚಯದವರು ಯಾರೂ ಬರದಿರಲಿ ಎಂದು ಬೇಡಿಕೊಳ್ಳುತ್ತ ಉಣ್ಣುವ ಊಟ ಅದು. ನೇಮ ತಪ್ಪಿದ ಸಂಕಟ ಒಂದು ಕಡೆ, ಒಬ್ಬನೇ ಉಣ್ಣುವ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದರೆ ಎರಡನೆಯದೇ, ಸುಳ್ಳೇಕೆ ಹೇಳಲಿ.

ಅವ್ವನ ತಂಗಿ ಜಿನಮತಿ ಮಾವಶಿ ಇದೇ ಊರಿನಲ್ಲಿ, ಪೇಟೆಯ ಹಿಂದಿನ ಓಣಿಯಲ್ಲಿ, ಮಗ ಅಭಿಜಿತ ಮತ್ತು ಸೊಸೆ ಮೃಣಾಲಳ ಜೊತೆ ಇದ್ದಾಳೆ. ಅಭಿಜಿತನದು ನೂಲಿನ ವ್ಯಾಪಾರ, ಮಗಳು ಕೋಲ್ಹಾಪುರದ ಹಾಸ್ಟೆಲಿನಲ್ಲಿ ಓದುತ್ತಾಳೆ. ಮಾವಶಿಗೆ ಎಪ್ಪತ್ತೊಂದು ವರ್ಷ. ಹದಿನೇಳಕ್ಕೆ ಮದುವೆಯಾಗಿ ಬಂದ ದಿನದಿಂದ ಹೊತ್ತು ಮುಳುಗಿದ ಮೇಲೆ ಅವಳ ಬಾಯಿಗೆ ಒಂದು ಅಗುಳೂ ಹೋಗಿಲ್ಲ. ಹೆರಿಗೆಯ ದಿನವೂ ಇಲ್ಲ, ಗಂಡ ತೀರಿದ ದಿನವೂ ಇಲ್ಲ. ಅಡುಗೆಮನೆಯ ಕದದ ಹಿಂದೆ ಸೂರ್ಯಾಸ್ತದ ವೇಳೆಯ ಅಚ್ಚಾದ ಪಟ್ಟಿ ಇರುತ್ತದೆ, ದಿನಕ್ಕೊಂದು ಸಾಲು. ಹೋದ ವರ್ಷ ಕಣ್ಣಿಗೆ ಪೊರೆ ಬಂದು ಅದನ್ನು ಭೂತಗನ್ನಡಿ ಹಿಡಿದು ಓದುವಂತಾಯಿತು.

ಆಗ ನಾನು ಅವರ ಮನೆಗೆ ಗಂಟೆ ಕೂಡಿಸಿಕೊಟ್ಟೆ. ಹೊತ್ತು ಮುಳುಗಲು ಸರಿಯಾಗಿ ಒಂದು ತಾಸು ಇರುವಾಗ ಅಡುಗೆಮನೆಯ ಸ್ಪೀಕರಿನಿಂದ ಬಸದಿಯ ಗಂಟೆ ಮೂರು ಸಲ ಬಾರಿಸುತ್ತದೆ. ಚಳಿಗಾಲವೋ ಮಳೆಗಾಲವೋ, ಆ ದಿನದ ಸೂರ್ಯಾಸ್ತವನ್ನು ಅದು ಇಂಟರ್ನೆಟ್ಟಿನಿಂದ ತಾನೇ ತಂದುಕೊಳ್ಳುತ್ತದೆ. ಗಂಟೆ ಕೇಳಿದ ಕೂಡಲೆ ಮಾವಶಿ ತಾಟು ಹಾಕುತ್ತಾಳೆ. ಇಂಟರ್ನೆಟ್ ಇಲ್ಲದಿದ್ದರೆ ಗಂಟೆಯೂ ಇಲ್ಲ. ಆ ಕೊರತೆ ನನಗೆ ಗೊತ್ತಿತ್ತು, ಮುಂದೆ ನೋಡಿದರಾಯಿತು ಎಂದು ಬಿಟ್ಟಿದ್ದೆ.

ಹೋದ ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಅವರ ವೈಫೈ ನಿಜವಾಗಿಯೇ ಕೆಟ್ಟಿತು. ಅಭಿಜಿತ ಫೋನು ಮಾಡಿದ, ಹೋದೆ. ವಯರು ಇಲಿ ಕಡಿದಿತ್ತು. ಅದನ್ನು ಜೋಡಿಸಿ ಏಳುವ ಹೊತ್ತಿಗೆ ಗಂಟೆ ಬಾರಿಸಿತು. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಮಾವಶಿ ಬಾಗಿಲಿಗೆ ಅಡ್ಡ ನಿಂತಳು. ಈ ಹೊತ್ತಿನಲ್ಲಿ ಬಂದವರನ್ನು ಉಪವಾಸ ಕಳಿಸಿದರೆ ಅವರಿಗೆ ಮುಂದೆ ಉಣ್ಣುವ ದಾರಿಯೇ ಇರುವುದಿಲ್ಲ, ಆ ಪಾಪ ಮನೆಯವರಿಗೇ ಸುತ್ತಿಕೊಳ್ಳುತ್ತದೆ ಅಂದಳು. ಅದು ಅವಳೊಬ್ಬಳ ಮಾತಲ್ಲ, ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಕೂತೆ. ಬಿಸಿ ರೊಟ್ಟಿ, ಜುಣಕ, ಸೇಂಗಾ ಚಟ್ನಿ, ಮಜ್ಜಿಗೆ. ಅಭಿಜಿತ ನೂಲಿನ ದರದ ಬಗ್ಗೆ ಗೊಣಗುತ್ತಿದ್ದ, ಮೃಣಾಲ ಅವನ ತಾಟಿನಿಂದ ಮೆಣಸಿನಕಾಯಿ ಎತ್ತಿಕೊಂಡಳು, ಮಾವಶಿ ನನಗೆ ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿದಳು. ಮೂರು ವರ್ಷದ ಮೇಲೆ ಬೇಡ ಎಂದು ಹೇಳುವ ಅವಕಾಶ ಸಿಕ್ಕಿತ್ತು ನನಗೆ. ಮನೆಗೆ ಬಂದವನು ಖುರ್ಚಿಯಲ್ಲಿ ಕೂತು ಬಹಳ ಹೊತ್ತು ಅತ್ತೆ.

ಹಾಗೇ ಆಗಾಗ ಹೋಗಿ ಉಂಡು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದು ಸಲ ಹೋಗಬಹುದು. ಎರಡನೆಯ ಸಲವೂ ನಡೆಯುತ್ತದೆ. ಮೂರನೆಯ ಸಲ ಮನೆಯವರು ಏನೂ ಅನ್ನದಿದ್ದರೂ ನಮ್ಮ ಕಾಲೇ ಹೊಸ್ತಿಲಲ್ಲಿ ತಡೆಯುತ್ತದೆ. ನಲವತ್ತೇಳು ವರ್ಷದ ಗಂಡಸು ಸರಿಯಾಗಿ ಊಟದ ಹೊತ್ತಿಗೆ ಕೈಬೀಸಿಕೊಂಡು ಹೋಗಿ ನಿಂತರೆ ಅದಕ್ಕೆ ಬೇರೆಯೇ ಹೆಸರಿದೆ. ಕೈಯಲ್ಲಿ ಟೆಸ್ಟರು ಇದ್ದರೆ ಆ ಮಾತಿಲ್ಲ.

ಹೀಗಾಗಿ ಬೇಲಿಯೇ ಎದ್ದು ಹೊಲ ಮೇಯಿತು. ಅವರ ಟೀವಿಯ ಕಪಾಟಿನ ಹಿಂದೆ ಮನೆಯ ಯಂತ್ರಗಳನ್ನೆಲ್ಲ ನಡೆಸುವ ಅಂಗೈಯಷ್ಟು ದೊಡ್ಡ ಡಬ್ಬಿ ಇದೆ, ನಾನೇ ಇಟ್ಟದ್ದು. ಅದರಲ್ಲಿ ಒಂದು ಹೊಸ ನಿಯಮ ಬರೆದೆ. ಹನ್ನೊಂದು ದಿನಕ್ಕೊಮ್ಮೆ, ಹೊತ್ತು ಮುಳುಗಲು ಒಂದೂವರೆ ತಾಸು ಇರುವಾಗ, ವೈಫೈಗೆ ಕರೆಂಟು ಹೋಗಬೇಕು. ವಾರಕ್ಕೊಮ್ಮೆ ಎಂದಿಟ್ಟರೆ ಅದೇ ವಾರ ಬಂದು ಗೊತ್ತಾಗುತ್ತದೆ, ಅದಕ್ಕೆ ಹನ್ನೊಂದು. ಗಡಿಯಾರದ ಇಂಥ ವೇಳೆ ಎಂದಿಟ್ಟರೂ ಗೊತ್ತಾಗುತ್ತದೆ, ಅದಕ್ಕೆ ಸೂರ್ಯನ ಲೆಕ್ಕ. ಅಷ್ಟಮಿ, ಚತುರ್ದಶಿಯ ದಿನ ಮಾವಶಿಯ ಉಪವಾಸ, ಆ ದಿನ ಕೆಟ್ಟು ಏನು ಪ್ರಯೋಜನ? ಆ ತಿಥಿ ಬಂದರೆ ಮಾರನೆಯ ದಿನ ಕೆಡು ಎಂದೂ ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಎಂಟು ತಿಂಗಳು ಅದು ಒಂದು ಸಲವೂ ತಪ್ಪಲಿಲ್ಲ. ಸ್ಪೀಕರು ‘ಇಂಟರ್ನೆಟ್ ಇಲ್ಲ’ ಅನ್ನುವುದು, ಅಭಿಜಿತನ ಫೋನು, ನನ್ನ ಬೈಕು, ಸ್ಟೂಲು. ಬೆವರು ಒರೆಸಿಕೊಳ್ಳುತ್ತ ವಯರು ಎಳೆದು ನೋಡುವುದು, ನೆಲಕ್ಕೆ ಮಲಗಿ ಕಪಾಟಿನ ಹಿಂದೆ ಟಾರ್ಚು ಬಿಡುವುದು, ತಲೆ ಕೆರೆದುಕೊಳ್ಳುವುದು. ಗಂಟೆಗೆ ಐದು ನಿಮಿಷ ಇದೆ ಎನ್ನುವಾಗ ‘ಹಾಂ, ಸಿಕ್ಕಿತು’ ಅನ್ನುವುದು. ನಾಟಕದವನಿಗೂ ಇಷ್ಟು ತಾಲೀಮು ಇರಲಿಕ್ಕಿಲ್ಲ. ಅಭಿಜಿತ ಕಂಪನಿಯವರನ್ನು ಬಯ್ಯುತ್ತಿದ್ದ, ನಾನೂ ಅವನ ಜೊತೆ ಸೇರಿ ಬಯ್ಯುತ್ತಿದ್ದೆ. ಆಮೇಲೆ ಎಲ್ಲರೂ ಸಾಲಾಗಿ ಕೂತು ಊಟ. ಉಳಿದ ಹತ್ತು ದಿನ ಖಾನಾವಳಿಯ ಗೋಡೆ ನೋಡಿಕೊಂಡು ಉಂಡರೂ ಮನಸ್ಸಿಗೆ ಒಂದು ಆಸರೆ ಇರುತ್ತಿತ್ತು.

ಜೂನ್ ಕೊನೆಗೆ ಮಾವಶಿಯ ಕಣ್ಣಿನ ಆಪರೇಶನ್ ಆಯಿತು. ಒಂದು ಕಣ್ಣಿಗೆ ಹಸಿರು ಬಟ್ಟೆ, ಇನ್ನೊಂದರಲ್ಲಿ ಪೊರೆ. ತಿಂಗಳ ಮಟ್ಟಿಗೆ ಗಡಿಯಾರವೂ ಇಲ್ಲ, ಪಟ್ಟಿಯೂ ಇಲ್ಲ. ಮೇಲೆ ಮಳೆಗಾಲದ ಮೋಡ, ನಡುಮಧ್ಯಾಹ್ನವೂ ಸಂಜೆಯ ಹಾಗೇ ಕಾಣುತ್ತಿತ್ತು. ಆಗಲೇ ನಾನು ಆ ನಿಯಮ ಅಳಿಸಿಹಾಕಬೇಕಿತ್ತು. ಮೊಬೈಲಿನಲ್ಲಿ ತೆರೆದೂ ನೋಡಿದೆ. ಕೆಡುವ ದಿನ ನಾನೇ ಅಲ್ಲಿರುತ್ತೇನೆ, ಗಂಟೆಯ ಮುಂಚೆ ಸರಿ ಮಾಡಿಯೇ ಮಾಡುತ್ತೇನೆ, ಯಾರಿಗೂ ನಷ್ಟವಿಲ್ಲ ಎಂದುಕೊಂಡು ಮುಚ್ಚಿದೆ. ಆಸೆ ಇದ್ದವನ ವಾದಕ್ಕೆ ಕೊನೆಯೇ ಇರುವುದಿಲ್ಲ.

ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ಕೂತ ಎರಡು ದಿನಕ್ಕೆ ನಾನು ಗಡಹಿಂಗ್ಲಜದ ಆಚೆ ಮಹಾಗಾಂವಕ್ಕೆ ಹೋದೆ. ಶಿರೋಳಿಯ ಫೌಂಡ್ರಿಯಲ್ಲಿ ದುಡಿಯುವ ಸ್ವಪ್ನಿಲ ಎಂಬ ಹುಡುಗ ನನ್ನ ಗಿರಾಕಿ. ಊರಿನಲ್ಲಿ ಅವನ ಅಪ್ಪ ಮಲ್ಲಾರಿಯ ಕುರಿದೊಡ್ಡಿಗೆ ಬಿಸಿಲಿನಿಂದ ನಡೆಯುವ ಕ್ಯಾಮೆರಾ ಹಾಕಿಸಿದ್ದ, ತೋಳದ ಭಯಕ್ಕೆ. ಕ್ಯಾಮೆರಾ ಮಾತ್ರ ತೋಳ ಯಾವುದು ಕುರಿ ಯಾವುದು ತಿಳಿಯದೆ, ಪ್ರತಿ ಕುರಿ ಕಿವಿ ಅಲ್ಲಾಡಿಸಿದಾಗಲೂ ಮೊಬೈಲಿನಲ್ಲಿ ಕಿರುಚುತ್ತಿತ್ತು. ದಿನಕ್ಕೆ ನಾಲ್ಕುನೂರು ಸಲ. ಮಲ್ಲಾರಿ ಫೋನನ್ನು ಗೋಧಿಯ ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟಿದ್ದ. ನಾನು ಕ್ಯಾಮೆರಾವನ್ನು ನನ್ನ ಮೊಬೈಲಿಗೆ ಜೋಡಿಸಿಕೊಂಡು ಒಂದೊಂದೇ ಬದಲಿಸಿ ನೋಡತೊಡಗಿದೆ. ದೊಡ್ಡಿಯಲ್ಲೇ ಉಳಿದ ಮರಿಗಳು ಅಲುಗಾಡಿದಾಗೆಲ್ಲ ನನ್ನ ಮೊಬೈಲೂ ಕಿರುಚತೊಡಗಿತು. ಅದರ ಬಾಯಿ ಮುಚ್ಚಿಸಿ, ದನಿಯನ್ನೆಲ್ಲ ಬಂದ್ ಮಾಡಿ ಕೆಲಸ ಮುಂದುವರಿಸಿದೆ.

ಸಂಜೆ ಆರರ ಸುಮಾರಿಗೆ ಹೊರಡಲೆಂದು ಎದ್ದೆ. ಮಲ್ಲಾರಿಯ ಹೆಂಡತಿ ಯಮುನವ್ವ ತಾಟು ಹಿಡಿದು ಹೊರಗೆ ಬಂದಳು.

“ಹೊತ್ತ ಮುಳಗೂ ಮೊದಲ ಉಣ್ಣೋ ಮಂದಿ ಅಲ್ಲೇನ್ರಿ ನೀವು. ಕುಂದರ್ರಿ. ಉಳ್ಳಾಗಡ್ಡಿ ಹಾಕಿಲ್ಲ, ಬಳ್ಳೊಳ್ಳಿ ಹಾಕಿಲ್ಲ. ನಮ್ಮ ಊರಾಗೂ ನಿಮ್ಮ ಮಂದಿ ಅದಾರ, ನನಗ ಗೊತ್ತೈತಿ.”

ಕೇಳದೆ ಯಾರೋ ನನಗಾಗಿ ಒಲೆ ಹಚ್ಚಿದ್ದರು. ನಾನು ಏನನ್ನೂ ಕೆಡಿಸದೆ ಸಿಕ್ಕ ಊಟ ಅದು. ಹಿಗ್ಗಿ ಹೀರೇಕಾಯಿಯಾದೆ. ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡೆ. ಯಮುನವ್ವ ಮಗನ ಸುದ್ದಿ ಹೇಳಿದಳು, ಕುರಿಗಳ ಹೆಸರು ಹೇಳಿದಳು, ನಾನು ಎಲ್ಲವನ್ನೂ ತಲೆದೂಗಿ ಕೇಳಿದೆ. ಉಂಡ ಮೇಲೆ ಕುರಿಗಳು ದೊಡ್ಡಿಗೆ ಬರುವ ತನಕ ಕಾದು ಕ್ಯಾಮೆರಾ ಪರೀಕ್ಷೆ ಮಾಡಿದೆ. ಇಚಲಕರಂಜಿಯ ನೆನಪೇ ಬರಲಿಲ್ಲ. ಆ ದಿನ ಹನ್ನೊಂದನೆಯದು ಎಂಬುದೂ ಬರಲಿಲ್ಲ. ಒಂದು ಕಡೆ ಹೊಟ್ಟೆ ತುಂಬಿದವನಿಗೆ ಇನ್ನೊಂದು ಕಡೆಯ ನೆನಪು ಎಲ್ಲಿಂದ ಬರಬೇಕು?

ಗಡಹಿಂಗ್ಲಜದ ಪೆಟ್ರೋಲ್ ಪಂಪಿನಲ್ಲಿ ಮೊಬೈಲು ತೆಗೆದಾಗ ಎಂಟು ಗಂಟೆ. ಅಭಿಜಿತನ ಏಳು ಕರೆಗಳು ಬಂದು ಹೋಗಿದ್ದವು. ಅಲ್ಲೇ ನಿಂತು ಅವನಿಗೆ ತಿರುಗಿ ಫೋನು ಮಾಡಿದೆ.

ಅವನು ಹೇಳಿದ್ದು ಇಷ್ಟು. ಅವನೂ ಮೃಣಾಲಳೂ ಮಗಳ ಕಾಲೇಜಿನ ಪ್ರವೇಶಕ್ಕೆಂದು ಬೆಳಿಗ್ಗೆ ಕೋಲ್ಹಾಪುರಕ್ಕೆ ಹೋಗಿದ್ದರು. ಅಡುಗೆ ಮಾಡಿಟ್ಟು, ಗಂಟೆ ಬಾರಿಸಿದ ಮೇಲೆ ಉಣ್ಣಿರಿ ಎಂದು ಮೃಣಾಲ ಹೇಳಿ ಹೋಗಿದ್ದಳು. ವೈಫೈ ಕೆಟ್ಟಿದೆ, ಗಂಟೆ ಬಾರಿಸಿಲ್ಲ. ಮಾವಶಿ ಬಹಳ ಹೊತ್ತು ಕಾದಿದ್ದಾಳೆ, ಆಮೇಲೆ ಉಣ್ಣಲು ಕೂತಿದ್ದಾಳೆ. ಪಕ್ಕದ ಮನೆಯ ಬಾಳಕ್ಕ ಯಾಕೆ ಮನೆಯಲ್ಲಿ ದೀಪವಿಲ್ಲ ಎಂದು ಬಂದು ನೋಡಿದಾಗ ಮಾವಶಿಯ ಬಾಯಿಯಲ್ಲಿ ಎರಡನೆಯ ತುತ್ತು. ಬೀದಿಯ ದೀಪ ಹತ್ತಿ ಅರ್ಧ ತಾಸಾಗಿದೆ ಎಂದು ಬಾಳಕ್ಕ ಹೇಳಿದಳಂತೆ. ಮಾವಶಿ ತುತ್ತು ಉಗುಳಿ, ಬಾಯಿ ತೊಳೆದುಕೊಂಡು ಚಾಪೆಯ ಮೇಲೆ ಹೋಗಿ ಕೂತಿದ್ದಾಳೆ. ಐವತ್ತನಾಲ್ಕು ವರ್ಷದ ವ್ರತ.

ನಿಯಮವನ್ನು ಅಲ್ಲಿಂದಲೇ ಅಳಿಸೋಣವೆಂದು ಮೊಬೈಲು ಒತ್ತಿದೆ. ಅವರ ಮನೆಗೆ ಹೋಗುವ ದಾರಿಯನ್ನೇ ಆ ನಿಯಮ ಕಡಿದು ಹಾಕಿತ್ತು. ವೈಫೈ ಇಲ್ಲದೆ ಡಬ್ಬಿ ಮೊಬೈಲಿಗೆ ಸಿಗಲಿಲ್ಲ. ಮಾವಶಿ ಕತ್ತಲಲ್ಲಿ ಕಾಯುತ್ತಿದ್ದಾಗ ನಾನು ಬೆಳಕಿನಲ್ಲಿ ಉಂಡಿದ್ದೆ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಹೋದೆ. ಮಾವಶಿ ಬಸದಿಯಲ್ಲಿ ಚಾತುರ್ಮಾಸಕ್ಕೆ ಕೂತಿದ್ದ ಮುನಿ ಮಹಾರಾಜರಿಗೆ ಹೇಳಿಕಳಿಸಿ ಪ್ರಾಯಶ್ಚಿತ್ತ ತೆಗೆದುಕೊಂಡಿದ್ದಳು, ಮೂರು ಉಪವಾಸ. ಹಗಲು ಬಿಸಿನೀರು ಬಿಟ್ಟರೆ ಏನೂ ಇಲ್ಲ, ಗುಳಿಗೆಯೂ ಇಲ್ಲ. ಕಣ್ಣಿನ ಡಾಕ್ಟರು ಫೋನಿನಲ್ಲಿ ಸಿಟ್ಟಾದರೆಂದು ಅಭಿಜಿತ ಹೇಳಿದ. ಅವನ ಮುಖ ರಾತ್ರಿಯೆಲ್ಲ ನಿದ್ದೆ ಕೆಟ್ಟವನ ಹಾಗಿತ್ತು. ನಾನು ಕಪಾಟಿನ ಹಿಂದೆ ಕೈ ಹಾಕಿ ಕರೆಂಟು ಕೊಟ್ಟು, ಮೊಬೈಲಿನಲ್ಲಿ ಆ ನಿಯಮ ತೆರೆದೆ. ಅಭಿಜಿತ ನನ್ನ ಹಿಂದೆಯೇ ಚಹಾದ ಕಪ್ಪು ಹಿಡಿದು ನಿಂತಿದ್ದ. ಅಳಿಸಲು ಒಂದು ಒತ್ತು, ಖಾತ್ರಿಯೇ ಎಂದು ಕೇಳಿದ್ದಕ್ಕೆ ಇನ್ನೊಂದು ಒತ್ತು. ಎಂಟು ತಿಂಗಳ ಊಟ ಅಷ್ಟಕ್ಕೆ ಮುಗಿಯಿತು.

“ದಾದಾ, ನಿಂದೇನ ತಪ್ಪಿಲ್ಲ,” ಅಂದ ಅವನು. “ಯಂತ್ರ ಅಂದ್ರ ಯಂತ್ರನ. ರವಿವಾರ ಕೋಲ್ಹಾಪುರದಿಂದ ಒಬ್ಬಾಂವ ಬರ್ತಾನ, ಎಲ್ಲಾ ಕಿತ್ತ ಹೊಸಾದ ಹಾಕ್ತಾನ. ಬ್ಯಾಟರಿ ಐತಿ ಅದಕ್ಕ, ಸಿಮ್ ಐತಿ, ಕೆಡೂ ಮಾತ ಇಲ್ಲ. ಇನ್ನ ನಿನಗೂ ಓಡಾಡೋ ತ್ರಾಸ ತಪ್ಪತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅನ್ನುವವರೂ ಇರಲಿಲ್ಲ, ಹೆಗಲು ತಾನೇ ಸುಡುತ್ತಿತ್ತು. ಸುಮ್ಮನಿದ್ದರೆ ನಾನು ಒಳ್ಳೆಯ ದಾದಾ, ಒಳ್ಳೆಯ ಅಣ್ಣ ಆಗಿಯೇ ಉಳಿಯುತ್ತೇನೆ. ಹಬ್ಬಕ್ಕೆ, ಹುಣ್ಣಿಮೆಗೆ ಎಂದಾದರೂ ಕರೆದಾರು. ನಿಜ ಹೇಳಿದರೆ ಈ ಒಂದು ಬಾಗಿಲೂ ಮುಚ್ಚುತ್ತದೆ, ಮತ್ತೆ ನನಗೆ ಬೇರೆ ಬಾಗಿಲಿಲ್ಲ. ಯೋಚಿಸುತ್ತ ಚೀಲದ ಝಿಪ್ಪು ಹಾಕುತ್ತಿದ್ದೆ. ಮೃಣಾಲ ಹತ್ತಿರ ಬಂದು ದನಿ ತಗ್ಗಿಸಿ, ಅತ್ತೆಯವರ ಲೆಕ್ಕ ಯಾಕೋ ತಪ್ಪುತ್ತಿದೆ, ನಿನ್ನೆ ಒಬ್ಬರೇ ಇದ್ದವರು ಎರಡು ತಾಟು ಹಾಕಿಕೊಂಡಿದ್ದರು ಅಂದಳು. ಎರಡರಲ್ಲೂ ರೊಟ್ಟಿ ಬಡಿಸಿತ್ತಂತೆ.

ಅದನ್ನು ಕೇಳಿದ ಮೇಲೆ ನನಗೆ ಬಾಗಿಲ ಕಡೆ ಹೋಗಲಾಗಲಿಲ್ಲ. ಚೀಲ ಅಲ್ಲೇ ಬಿಟ್ಟು ಒಳಗೆ ಹೋದೆ.

ಮಾವಶಿ ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂತು ಜಪಮಾಲೆ ಎಣಿಸುತ್ತಿದ್ದಳು. ಹಸಿರು ಬಟ್ಟೆಯ ಕೆಳಗೆ ಮುಖ ಚಿಕ್ಕದಾಗಿ ಕಂಡಿತು. ನಾನು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಡಬ್ಬಿಯ ಕಥೆ, ಹನ್ನೊಂದು ದಿನದ ಕಥೆ, ಕಪಾಟಿನ ಹಿಂದೆ ಟಾರ್ಚು ಬಿಟ್ಟ ನಾಟಕ, ನಿನ್ನೆ ಮಹಾಗಾಂವದಲ್ಲಿ ಉಂಡದ್ದು. ಯಾಕೆ ಮಾಡಿದೆ ಎಂಬುದನ್ನೂ ಹೇಳಿದೆ. ಅವಳ ಬೆರಳು ಮಣಿಯ ಮೇಲೆ ನಿಂತಿತು.

“ಗೊತ್ತೈತಿ,” ಅಂದಳು. “ಮಾಘದಾಗನ ಗೊತ್ತಾತು. ಅಷ್ಟಮಿ, ಚತುರ್ದಶಿ ಪಾಳಸೋ ವೈಫೈ ನಾ ಎಲ್ಲೂ ಕೇಳಿಲ್ಲ.”

ಅನುಮಾನ ಬಂದ ಮೇಲೆ ಅವಳು ಪ್ರತಿ ಸಲವೂ ಭೂತಗನ್ನಡಿ ಹಿಡಿದು ಪಟ್ಟಿ ನೋಡಿದ್ದಳಂತೆ. ಯಾವಾಗ ಕೆಟ್ಟರೂ ಹೊತ್ತು ಮುಳುಗಲು ಸರಿಯಾಗಿ ಒಂದೂವರೆ ತಾಸು. ಕಂಪನಿಯವರಿಗೆ ಸೂರ್ಯನ ಗೊಡವೆ ಯಾಕೆ, ಇದು ನಮ್ಮವರದೇ ಕೆಲಸ ಎಂದು ತಿಳಿದಳಂತೆ. ಯಾರಿಗೂ ಹೇಳಲಿಲ್ಲ. ಆಮೇಲೆ ಸ್ಪೀಕರು ‘ಇಂಟರ್ನೆಟ್ ಇಲ್ಲ’ ಅಂದ ಕೂಡಲೆ ಮೃಣಾಲಳಿಗೆ ನಾಲ್ಕು ರೊಟ್ಟಿಯ ಹಿಟ್ಟು ಹೆಚ್ಚು ಕಲಸಲು ಹೇಳುತ್ತಿದ್ದಳು. ಎಂಟು ತಿಂಗಳು ನಾನು ಅವರಿಗೆ ಆಟ ಕಟ್ಟಿದ್ದೇನೆಂದು ತಿಳಿದಿದ್ದೆ, ಅವಳು ನನ್ನ ಆಟಕ್ಕೆ ಅಡುಗೆ ಮಾಡಿಸುತ್ತಿದ್ದಳು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೂ ಒಂದು ಮಾತು ಬಗೆಹರಿಯಲಿಲ್ಲ. ಕೆಡಿಸುವುದು ನಾನೇ ಎಂದು ಗೊತ್ತಿದ್ದ ಮೇಲೆ ಬಾರಿಸದ ಗಂಟೆಗಾಗಿ ಅಷ್ಟು ಹೊತ್ತು ಯಾಕೆ ಕಾದೆ, ಬಾಳಕ್ಕನನ್ನು ಕರೆದು ವೇಳೆ ಕೇಳಬಾರದಿತ್ತೇ ಎಂದೆ.

“ಗಂಟೀ ಹಾದಿ ಯಾರ ನೋಡ್ಯಾರ?” ಅಂದಳು ಮಾವಶಿ. “ಅದು ಬಾರಸೂದಿಲ್ಲ ಅಂತ ಗೊತ್ತ ಇತ್ತ ನನಗ. ನೀ ಇನ್ನೂ ಬಂದಿಲ್ಲ, ಅಂದ್ರ ಇನ್ನೂ ಹೊತ್ತೈತಿ ಅಂದ್ಕೊಂಡೆ. ನೀ ಒಂದ ದಿನಾನೂ ತಪ್ಪಿಸಿದಾಂವ ಅಲ್ಲ. ಗುಳಿಗಿ ತೊಗೊಳೂದಿತ್ತ, ಹೊಟ್ಟಿ ತಡೀಲಿಲ್ಲ, ಇನ್ನೇನ ಬಾಗಲಾಗ ಬಂದ ಅಂತ ಅನ್ಕೋತನ ಎರಡ ತುತ್ತ ತಿಂದೆ.”

ನಮ್ಮ ಮನೆಯಲ್ಲಿ ನಾನು ಉಸಿರಾಡುವುದನ್ನು ಗುರುತಿಸಲು ಯಂತ್ರ ತರಿಸಿ ಇಟ್ಟುಕೊಂಡಿದ್ದೇನೆ. ಇಲ್ಲಿ ಕಣ್ಣು ಕಾಣದ ಒಬ್ಬಳು ನಾನು ಬರುವುದನ್ನೇ ಹೊತ್ತು ಎಂದು ನಂಬಿ ಕೂತಿದ್ದಳು. ಅವಳ ವ್ರತ ಮುರಿದದ್ದು ಯಂತ್ರದಿಂದಲ್ಲ, ನನ್ನ ಮೇಲಿನ ನಂಬಿಕೆಯಿಂದ. ಅವಳ ಪಾದ ಹಿಡಿದುಕೊಂಡು ಅತ್ತೆ. ಅವಳು ಬಿಡಿಸಿಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಣಿಗಳು ಮತ್ತೆ ಸರಿಯತೊಡಗಿದವು.

“ಮೂರ ಉಪಾಸ ಮುಗದ ಮ್ಯಾಲ ಪಾರಣಿ ಐತಿ,” ಅಂದಳು. “ಮುಂಜಾನೆ ಬಾ. ಮೊದಲನೇ ಗುಟುಕ ನೀರ ನೀನ ಕೊಡು. ಏನೂ ಕೆಡಸಬ್ಯಾಡ.”

ಅಭಿಜಿತನಿಗೆ ಹೇಳಬೇಡ ಎಂದೂ ಅಂದಳು. ಆ ಮಾತು ಮಾತ್ರ ನಾನು ಕೇಳಲಿಲ್ಲ. ಹೊರಗೆ ಬಂದು ಅವನಿಗೂ ಹೇಳಿದೆ. ಅವನು ಮೊದಲು ನಕ್ಕ, ನಾನು ಚೇಷ್ಟೆ ಮಾಡುತ್ತಿದ್ದೇನೆಂದು. ಆಮೇಲೆ ನನ್ನ ಮುಖ ನೋಡಿದ. ಕಪಾಟು ನೋಡಿದ. ಸಿಟ್ಟು ಬಂದಾಗ ಅವನಿಗೆ ಮರಾಠಿಯೇ ಬರುವುದು, ಆದರೆ ಬಯ್ಯಲಿಲ್ಲ. “ಜಾಊ ದೇ, ದಾದಾ,” ಅಂದ, ಹೋಗಲಿ ಬಿಡು ಎಂದು. ಚಹಾ ಅಲ್ಲೇ ಇಟ್ಟು ಅಂಗಡಿಗೆ ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು.

ಆ ಮೂರು ದಿನ ನಾನೂ ಖಾನಾವಳಿಗೆ ಹೋಗಲಿಲ್ಲ. ಅದನ್ನು ಉಪವಾಸ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ಅಂಗಡಿಯಲ್ಲಿ ಎರಡು ಮೋಟಾರು ಕಟ್ಟಿದೆ, ಮೂರನೆಯದರ ತಂತಿಯ ಸುತ್ತು ತಪ್ಪಿ ಬಿಚ್ಚಿದೆ. ಅಭಿಜಿತ ಫೋನು ಮಾಡಲಿಲ್ಲ. ಅವರ ಮನೆಯ ಗಂಟೆ ಸರಿಯಾಗಿ ಬಾರಿಸುತ್ತಿದೆ ಎಂದು ಮೊಬೈಲು ದಿನವೂ ತಿಳಿಸಿತು. ಕರೆಯುವುದಕ್ಕೆ ಯಾರಿಗೂ ಕಾರಣವಿರಲಿಲ್ಲ. ಹೋಗುವುದೋ ಬೇಡವೋ ಎಂದು ಪಾರಣೆಯ ಬೆಳಿಗ್ಗೆಯವರೆಗೂ ನನಗೆ ಗೊತ್ತಿರಲಿಲ್ಲ. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ರೂಢಿಯಂತೆ ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿದವನು ಅರ್ಧಕ್ಕೆ ನಿಂತು, ತಿರುಗಿ ಹೋಗಿ ಅದನ್ನು ಗೂಟಕ್ಕೆ ಹಾಕಿ ಬಂದೆ.

ಬಾಗಿಲು ತೆರೆದವಳು ಮೃಣಾಲ. ಅವಳ ಹಿಂದೆ ಅಭಿಜಿತ ಪೇಪರು ಓದುತ್ತ ಕೂತಿದ್ದ, ತಲೆ ಎತ್ತಲಿಲ್ಲ.

“ಏನ ಕೆಟ್ಟೈತ್ರಿ ಭಾವಾ ಇವತ್ತ?” ಅಂದಳು. ಅದು ರೂಢಿಯ ಮಾತೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ.

“ಏನೂ ಕೆಟ್ಟಿಲ್ಲವ್ವಾ,” ಅಂದೆ. “ನಾನ ಬಂದೇನಿ. ಬರೇ ನಾನ.”